10×12 ಅಡಿ ಕೋಣೆಯಲ್ಲಿ ಟೇಬಲ್‌ಟಾಪ್ ಆಟ (ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ಆಡುವುದು), ಮಿನಿಯೇಚರ್ ಪೇಂಟಿಂಗ್ (ಆ ಬೊಂಬೆಗಳಿಗೆ ಬಣ್ಣ ಹಚ್ಚುವುದು) ಎರಡಕ್ಕೂ ಜಾಗ ಹೊಂದಿಸುವುದು ಹೇಗೆ?

ಮೊದಲು ಆಟದ ಮೇಜಿನ ಅಳತೆ ಹಿಡಿಯಿರಿ. ವಾರ್‌ಹ್ಯಾಮರ್ 40,000 ಎಂಬ ಬೊಂಬೆ ಸೈನ್ಯಗಳ ಯುದ್ಧದಾಟಕ್ಕೆ ಸಾಮಾನ್ಯವಾಗಿ 44×60 ಇಂಚಿನ ಹಾಸು ಬೇಕು. ಕೋಣೆಯ ನಡುವೆ, ಉದ್ದಕ್ಕೆ ಸರಿಯಾಗಿ ಹಾಕಿದರೆ ಇಕ್ಕೆಲಗಳಲ್ಲಿ ತಲಾ 38 ಇಂಚು ಉಳಿಯುತ್ತದೆ. ಅಲ್ಲಿ ಕಪಾಟು ಇಡಬೇಡಿ, ಆಟಗಾರರು ಓಡಾಡುವುದೇ ಅಲ್ಲಿ. ನಿಂತು ಆಡುವುದರಿಂದ ಮೇಜಿನ ಎತ್ತರ 36 ಇಂಚು ಇರಲಿ. ಊಟದ ಮೇಜಿನ 30 ಇಂಚಿಗೆ ಬಗ್ಗಿ ಬಗ್ಗಿ ಬೆನ್ನು ಹಿಡಿಯುತ್ತದೆ.

ಪೇಂಟಿಂಗ್ ಡೆಸ್ಕ್ 20 ಇಂಚು ಆಳವಿದ್ದರೆ ಧಾರಾಳ. 10 ಅಡಿ ಗೋಡೆಗೆ, ಕಿಟಕಿ ಪಕ್ಕದಲ್ಲಿ ಹಾಕಿ. ದೀಪ ಒಂದಲ್ಲ, ಎರಡು: ಎಡಕ್ಕೊಂದು, ಬಲಕ್ಕೊಂದು. ಒಂದೇ ದೀಪವಾದರೆ ಕುಂಚದ ನೆರಳು ಬಣ್ಣ ಹಚ್ಚುವ ಜಾಗದ ಮೇಲೇ ಬೀಳುತ್ತದೆ. 5000 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿನ ಎಲ್‌ಇಡಿ ಕೊಳ್ಳಿ.

ನಮ್ಮ ಮನೆಗಳ ದೊಡ್ಡ ತಲೆನೋವು ಸೀಲಿಂಗ್ ಫ್ಯಾನ್. ಅದರಡಿ ಕೂತರೆ ಅಕ್ರಿಲಿಕ್ ಬಣ್ಣ ಕುಂಚದ ತುದಿಯಲ್ಲೇ ಒಣಗಿ, ಪದರ ಗಂಟುಗಂಟಾಗುತ್ತದೆ. ಡೆಸ್ಕನ್ನು ಫ್ಯಾನಿನ ನೇರ ಗಾಳಿಯಿಂದ ತಪ್ಪಿಸಿ, ಬಣ್ಣವನ್ನು ಒಣಗಲು ಬಿಡದ ವೆಟ್ ಪ್ಯಾಲೆಟ್ ಬಳಸಿ: ಮುಚ್ಚಳವಿರುವ ಚಪ್ಪಟೆ ಡಬ್ಬಿ, ಒದ್ದೆ ಸ್ಪಂಜು, ಮೇಲೊಂದು ಬೇಕಿಂಗ್ ಪೇಪರ್. ಮೇಣ ಲೇಪಿಸಿದ ಕಾಗದ ನೀರನ್ನು ಮೇಲೆ ಬಿಡದು, ಬೇಡ. ಸ್ಪಂಜನ್ನು ಆಗಾಗ ತೊಳೆಯದಿದ್ದರೆ ಬೂಸ್ಟು ಗ್ಯಾರಂಟಿ.

ಸ್ಪ್ರೇ ಪ್ರೈಮರ್ (ಬಣ್ಣಕ್ಕೂ ಮೊದಲು ಸಿಂಪಡಿಸುವ ತಳಪದರ) ಕೋಣೆಯೊಳಗೆ ಖಂಡಿತ ಬೇಡ. ಮಂಗಳೂರಿನ ಜುಲೈಯಲ್ಲಿ ಹೊರಗೂ ಬೇಡ. ತೇವಕ್ಕೆ ಮೇಲ್ಮೈ ಮಂಜು ಕಟ್ಟಿದಂತೆ ಒರಟಾಗುತ್ತದೆ. ಮಳೆಗಾಲಕ್ಕೆ ಕುಂಚದಲ್ಲಿ ಹಚ್ಚುವ ಪ್ರೈಮರನ್ನೇ ಎರಡು ತೆಳು ಪದರ ಹಾಕಿ.

ಇಟ್ಟ ಬೊಂಬೆಗಳು ಉರುಳದಂತೆ ಅವುಗಳ ಬೇಸ್ (ಪೀಠ) ಅಡಿಗೆ 5×2 ಮಿ.ಮೀ. ನಿಯೋಡಿಮಿಯಂ ಅಯಸ್ಕಾಂತ ಅಂಟಿಸಿ, ಕಬ್ಬಿಣದ ತಗಡು ಹಾಸಿದ ಟ್ರೇಯಲ್ಲಿಡಿ. ಸ್ಟೀಲ್ ಅಂತ ತಂದ ತಗಡಿಗೆ ಕೆಲವೊಮ್ಮೆ ಅಯಸ್ಕಾಂತವೇ ಅಂಟುವುದಿಲ್ಲ, ಅಂಗಡಿಯಲ್ಲೇ ಪರೀಕ್ಷಿಸಿ.