ಆಪ್ತಸಲಹೆ ಪ್ರಕರಣ: ಹನ್ನೊಂದನೇ ದಿನ ತಾಯಿಗೆ ತಿಳಿದ ಡೌನ್ ಸಿಂಡ್ರೋಮ್

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಹೆರಿಗೆ ವಾರ್ಡಿನ ವೈದ್ಯರು, ದಾದಿಯರು ಮತ್ತು ಆಶಾ ಕಾರ್ಯಕರ್ತೆಯರಿಗಾಗಿ ಬರೆದದ್ದು.)

ಮಲ್ಪೆ ಕಡೆಯ 27 ವರ್ಷದ ಬಾಣಂತಿ. ಚೊಚ್ಚಲ ಹೆರಿಗೆ, ಗಂಡು ಮಗು, ಹುಟ್ಟುವಾಗ ತೂಕ 2.6 ಕೆಜಿ. ಎರಡನೇ ದಿನ ಮಗುವಿನ ತಂದೆಯೊಬ್ಬರನ್ನೇ ವಾರ್ಡಿನ ಹೊರಗೆ ಕರೆದು ‘ಡೌನ್ ಇರಬಹುದು’ ಎಂದು ಹೇಳಲಾಗಿತ್ತು. ಅವರು ಯಾರಿಗೂ ಬಾಯಿ ಬಿಡದೆ ಮೀನುಗಾರಿಕೆಯ ಬೋಟಿಗೆ ಹೋದರು. ಹನ್ನೊಂದನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು ಡಿಸ್ಚಾರ್ಜ್ ಚೀಟಿ ಓದಿದಾಗಲೇ ತಾಯಿಗೆ ಗೊತ್ತಾದದ್ದು. ಅದೇ ಚೀಟಿಯ ಕೊನೆಯ ಸಾಲು: ‘ಎಕೋ, ಅಗತ್ಯವಿದ್ದರೆ’ (ಎಕೋ ಎಂದರೆ ಹೃದಯದ ಸ್ಕ್ಯಾನ್). ಅಂದು ಮಗುವಿನ ತೂಕ 2.3 ಕೆಜಿ.

ಸಲಹೆಗೆ ಬಂದಾಗ ತಾಯಿ ಮೊದಲು ಕೇಳಿದ ಪ್ರಶ್ನೆ ಇದು: “ಗ್ರಹಣದ ದಿನ ನಾನು ಮೀನು ಕೊಯ್ದದ್ದು ಉಂಟು ಮೇಡಂ. ಅದಕ್ಕೇ ಹೀಗಾದದ್ದಾ?” ಜೊತೆಗಿದ್ದ ಮಾಮಿ ನಾಗದೋಷದ ಮಾತೆತ್ತಿದರು, ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಆಗುವವರೆಗೆ ಯಾವ ಟೆಸ್ಟೂ ಬೇಡ ಎಂಬುದು ಅವರ ನಿಲುವು.

ಇಂಥ ಕಡೆ ‘ಅದೆಲ್ಲ ಮೂಢನಂಬಿಕೆ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಲೆಕ್ಕ ಬಿಡಿಸಿ ಹೇಳಿದೆವು. ಎಲ್ಲರ ಜೀವಕೋಶದಲ್ಲಿ 46 ಕ್ರೋಮೋಸೋಮ್. ಈ ಮಗುವಿಗೆ 21ನೆಯದು ಒಂದು ಹೆಚ್ಚಿದ್ದು, ಒಟ್ಟು 47. ಅದು ನಿಶ್ಚಯವಾದದ್ದು ಗರ್ಭ ನಿಲ್ಲುವ ಹೊತ್ತಿಗೇ. ಗ್ರಹಣ ಬಂದದ್ದು ಏಳನೇ ತಿಂಗಳಿನಲ್ಲಿ. ಆಮೇಲೆ ತಾಯಿ ಏನು ಕೊಯ್ದರೂ, ಏನು ತಿಂದರೂ ಆ ಎಣಿಕೆ ಬದಲಾಗದು. ವಯಸ್ಸಿನ ಮಾತೂ ಬಂತು. ತಾಯಿಯ ವಯಸ್ಸು ಹೆಚ್ಚಿದಂತೆ ಸಾಧ್ಯತೆ ಹೆಚ್ಚುವುದು ನಿಜ, ಆದರೆ ಹೆರಿಗೆಗಳೇ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚಾದ್ದರಿಂದ ಡೌನ್ ಸಿಂಡ್ರೋಮ್ ಇರುವ ಹೆಚ್ಚಿನ ಮಕ್ಕಳ ತಾಯಂದಿರು 35 ದಾಟದವರೇ. ಮಾಮಿಗೆ ತುಳುವಿನಲ್ಲಿ ಇನ್ನೊಮ್ಮೆ ಹೇಳಿದೆವು: “ಪೂಜೆ ನಿಮ್ಮ ಮನೆಗೆ ಬಿಟ್ಟದ್ದು ಅಮ್ಮಾ, ಬೇಡ ಅನ್ನುವುದಿಲ್ಲ. ಎಕೋ ಮಾತ್ರ ಈ ವಾರವೇ ಆಗಬೇಕು.” ಅವರು ಒಪ್ಪಿದರು.

ಮಗುವಿನ ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಕೇಳಿಸಿರಲಿಲ್ಲ, ಚೀಟಿಯಲ್ಲಿ ‘ಅಗತ್ಯವಿದ್ದರೆ’ ಎಂದು ಬರೆಯಲು ಅದೇ ಕಾರಣವಿರಬೇಕು. ಇಲ್ಲಿ ಪದೇ ಪದೇ ಎಡವುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಶೇ 40ರಿಂದ 50ರಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಮೊದಲ ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇನ್ನೂ ಇಳಿದಿರುವುದಿಲ್ಲ. ಹೃದಯದ ಎರಡೂ ಕಡೆಯ ಒತ್ತಡ ಹೆಚ್ಚುಕಡಿಮೆ ಸಮವಾಗಿರುವಾಗ ದೊಡ್ಡ ರಂಧ್ರವೂ ಸದ್ದು ಮಾಡುವುದಿಲ್ಲ. ಒತ್ತಡ ಇಳಿದ ಮೇಲೆ, ಒಂದೆರಡು ತಿಂಗಳಿಗೆ, ಉಬ್ಬಸ ಶುರು: ಹಾಲು ಕುಡಿಯುವಾಗ ಹಣೆ ಬೆವರುವುದು, ನಿದ್ದೆಯಲ್ಲೂ ಉಸಿರು ನಿಮಿಷಕ್ಕೆ 60 ದಾಟುವುದು, ತೂಕ ಏರದಿರುವುದು. ಇನ್ನೂ ತಡವಾದರೆ ಶ್ವಾಸಕೋಶದ ನಾಳಗಳು ಶಾಶ್ವತವಾಗಿ ಗಡಸಾಗಿ ಶಸ್ತ್ರಚಿಕಿತ್ಸೆಯ ಅವಕಾಶವೇ ಕೈತಪ್ಪಬಹುದು. ಆದ್ದರಿಂದ ಮರ್ಮರ್ ಇರಲಿ ಬಿಡಲಿ, ಎಕೋ ಆಗಲೇಬೇಕು. ಈ ಮಗುವಿಗೆ ಎವಿಎಸ್‌ಡಿ, ಅಂದರೆ ಹೃದಯದ ನಡುಗೋಡೆಯಲ್ಲಿ ದೊಡ್ಡ ರಂಧ್ರವೂ ಕವಾಟದ ದೋಷವೂ ಕಂಡುಬಂತು.

ಹಾಲಿನ ವಿಷಯಕ್ಕೆ ಒಂದು ಪೂರ್ತಿ ಭೇಟಿಯೇ ಬೇಕಾಯಿತು. ತಾಯಿಗೆ ಹಾಲು ಸಾಕಷ್ಟಿತ್ತು. ಮಗುವಿನ ಸ್ನಾಯುಗಳು ಮೆತ್ತಗೆ, ನಾಲಿಗೆ ಮುಂದಕ್ಕೆ. ನಾಲ್ಕು ಸಲ ಚೀಪಿ ನಿದ್ದೆಹೋಗುತ್ತಿತ್ತು. ‘ಪಾಪ, ಎಷ್ಟು ಒಳ್ಳೆಯ ಮಗು, ಅಳುವುದೇ ಇಲ್ಲ’ ಎಂದು ಮನೆಯವರು ಎಬ್ಬಿಸುತ್ತಿರಲಿಲ್ಲ. ಹೇಳಿಕೊಟ್ಟದ್ದು ಹೀಗೆ: ಅಳುವವರೆಗೆ ಕಾಯದೆ ಎರಡು, ಎರಡೂವರೆ ಗಂಟೆಗೊಮ್ಮೆ ಎಬ್ಬಿಸಿ, ರಾತ್ರಿಯೂ ಅಷ್ಟೆ. ಮಗುವನ್ನು ಸ್ವಲ್ಪ ನೆಟ್ಟಗೆ ಹಿಡಿಯಿರಿ. ಮೊಲೆಯ ಕೆಳಗೆ ಮೂರು ಬೆರಳಿಟ್ಟು, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮಗುವಿನ ಗದ್ದ ಕೂರಿಸಿ, ಎರಡೂ ಕೆನ್ನೆಗೆ ಮೆಲ್ಲಗೆ ಆಸರೆ ಕೊಡಿ. ದವಡೆ ಜಾರುವುದು ನಿಲ್ಲುತ್ತದೆ. ಅರ್ಧ ಗಂಟೆಗಿಂತ ಎಳೆಯಬೇಡಿ, ಚೀಪುವ ಶ್ರಮಕ್ಕೇ ಶಕ್ತಿ ಕರಗುತ್ತದೆ. ಉಳಿದದ್ದನ್ನು ಹಿಂಡಿ ಪಾಲಡದಲ್ಲಿ (ಹಾಲು ಕುಡಿಸುವ ಕೊಕ್ಕಿನ ಪುಟ್ಟ ಬಟ್ಟಲು) ತೊಟ್ಟು ತೊಟ್ಟಾಗಿ ಕೊಡಿ. ಮೂರು ದಿನಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಹೋದರೆ ಅದೇ ದಿನ ಆಸ್ಪತ್ರೆಗೆ ಬನ್ನಿ.

ಮಗುವನ್ನು ಮೀಯಿಸುವ ಅಜ್ಜಿಯನ್ನೂ ಕರೆಸಿದೆವು. ಎಣ್ಣೆ, ಬಿಸಿನೀರು ಇರಲಿ. ಆದರೆ ಈ ಮಕ್ಕಳ ಕೀಲು ಸಡಿಲ. ಕೈ ಕಾಲು ಎಳೆದು ನೀವುವುದು, ತೋಳು ಹಿಡಿದು ಎತ್ತುವುದು, ಕುತ್ತಿಗೆ ಹಿಂದಕ್ಕೆ ಬಾಗಿಸಿ ತಲೆಗೆ ನೀರು ಹೊಯ್ಯುವುದು ಬೇಡ. ಒಂದು ಅಂಗೈ ಸದಾ ತಲೆಯ ಹಿಂದೆ ಇರಲಿ.

ರಕ್ತಪರೀಕ್ಷೆಯಲ್ಲೂ ಒಂದು ತೊಡಕಾಗಿತ್ತು. ಕ್ಯಾರಿಯೋಟೈಪಿಗೆ, ಅಂದರೆ ಕ್ರೋಮೋಸೋಮ್ ಪರೀಕ್ಷೆಗೆ, ತೆಗೆದ ರಕ್ತ ಇಡಿಟಿಎ ಟ್ಯೂಬಿನಲ್ಲಿ ಹೋಗಿ ತಿರಸ್ಕೃತವಾಗಿತ್ತು. ಈ ಪರೀಕ್ಷೆಗೆ ಜೀವಂತ ಕೋಶಗಳನ್ನು ಬೆಳೆಸಬೇಕು. ಸೋಡಿಯಂ ಹೆಪಾರಿನ್ ಟ್ಯೂಬೇ ಆಗಬೇಕು. ಇಡಿಟಿಎ ಟ್ಯೂಬು ಸಿಬಿಸಿಗೆ (ರಕ್ತಕಣಗಳ ಎಣಿಕೆ). ಸಿಬಿಸಿಯನ್ನು ಮೊದಲ ಮೂರು ದಿನದಲ್ಲೇ ಮಾಡಿಸಿ, ಬಿಳಿರಕ್ತಕಣಗಳ ತಾತ್ಕಾಲಿಕ ಏರುಪೇರು ಅದರಲ್ಲೇ ಸಿಗುವುದು. ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ನಂತರ ಪ್ರತಿವರ್ಷ. ಕಿವಿ ಮತ್ತು ಕಣ್ಣಿನ ತಜ್ಞರಿಗೆ ಆರು ತಿಂಗಳೊಳಗೆ ತೋರಿಸಿ. 48 ಗಂಟೆಯೊಳಗೆ ಮೊದಲ ಮಲ ಹೋಗದಿದ್ದರೆ, ಹಸಿರು ವಾಂತಿಯಾದರೆ ಶಸ್ತ್ರವೈದ್ಯರಿಗೆ ತಕ್ಷಣ.

ಈಗ ವಾರ್ಡಿನ ಸಿಬ್ಬಂದಿಗೆ. ಸುದ್ದಿಯನ್ನು ಸಂಶಯ ಬಂದ ದಿನವೇ, ಕ್ಯಾರಿಯೋಟೈಪಿಗೆ ಕಾಯದೆ ಹೇಳಿ. ವರದಿಗೆ ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಅನುಮಾನ ಮನೆಮಂದಿಯನ್ನು ತಿನ್ನುತ್ತದೆ. ಬಾಗಿಲು ಮುಚ್ಚುವ ಕೋಣೆಯಲ್ಲಿ, ತಂದೆ ತಾಯಿ ಇಬ್ಬರನ್ನೂ ಕೂರಿಸಿ, ಮಗು ತಾಯಿಯ ಮಡಿಲಲ್ಲಿರುವಾಗ ಹೇಳಿ. ಮಗು ಹುಟ್ಟಿದ್ದಕ್ಕೆ ಮೊದಲು ಶುಭಾಶಯ ಹೇಳಿ. ಕಂಡದ್ದನ್ನು ತೋರಿಸಿ: ಅಂಗೈಯ ಒಂದೇ ಅಡ್ಡಗೆರೆ, ಕಾಲಿನ ಹೆಬ್ಬೆರಳ ಪಕ್ಕದ ಅಂತರ, ಮೆತ್ತನೆಯ ಮೈ. ಮಗು ಮುಂದೆ ಏನೇನು ಮಾಡಲಾರದು ಎಂಬ ಪಟ್ಟಿ ಮೊದಲ ದಿನ ಬೇಡ, ಅದನ್ನು ಯಾರೂ ಆಗ ಹೇಳಲಾರರು. ಈ ವಾರ ಮಾಡಬೇಕಾದದ್ದಷ್ಟೇ ಸಾಕು, ತಾರೀಕು ಸಮೇತ ಕಾಗದದಲ್ಲಿ. ಮರುದಿನ ಅದೇ ಮಾತನ್ನು ಮತ್ತೆ ಹೇಳಿ, ಮೊದಲ ಸಲ ಅರ್ಧ ಮಾತು ಕಿವಿಗೆ ಬಿದ್ದಿರುವುದಿಲ್ಲ. ಮನೆಯ ಹಿರಿಯರಿಗೆ ತುಳು, ಕೊಂಕಣಿ, ಬ್ಯಾರಿ, ಅವರ ಭಾಷೆಯಲ್ಲೇ ಆಗಲಿ. ತಾಯಿಯ ಮನಸ್ಸು ಕುಗ್ಗುತ್ತಿದೆಯೇ ಎಂದು ಪ್ರತಿ ಲಸಿಕೆಯ ದಿನವೂ ಕೇಳಿ. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆ ಬರೆದುಕೊಡಿ.

ಕಾಗದಪತ್ರ: ಡೌನ್ ಸಿಂಡ್ರೋಮ್ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಪಟ್ಟಿಯಲ್ಲಿದೆ, ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಫಿಸಿಯೋಥೆರಪಿ ಆರಂಭಿಸಲು ವರದಿಗೆ ಕಾಯಬೇಕಿಲ್ಲ. ಯುಡಿಐಡಿಗೆ (ಅಂಗವಿಕಲರ ಗುರುತಿನ ಚೀಟಿ) ಬೇಕಾದ ಬೌದ್ಧಿಕ ಅಂಗವೈಕಲ್ಯದ ಮೌಲ್ಯಮಾಪನ ಒಂದು ವರ್ಷ ತುಂಬಿದ ಮೇಲೆ. ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಅದರ ನಂತರ.

ಮಗುವಿನ ತೂಕ ಏರಿತು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಸಮಯದಲ್ಲೇ ಶಸ್ತ್ರಚಿಕಿತ್ಸೆಯ ದಿನ ಬಂದದ್ದರಿಂದ ತಂದೆಯೂ ಆಸ್ಪತ್ರೆಯಲ್ಲಿದ್ದರು. ಈಗ ಅವರಿಬ್ಬರೂ ಕೇಳುತ್ತಿರುವುದು ಮುಂದಿನ ಮಗುವಿನ ಬಗ್ಗೆ. ವರದಿಯಲ್ಲಿರುವುದು ಸಾಮಾನ್ಯ ಟ್ರೈಸೊಮಿ 21, ಅಂದರೆ ಹೆಚ್ಚಿನ 21ನೆಯ ಕ್ರೋಮೋಸೋಮ್ ಬಿಡಿಯಾಗಿದೆ. ತಂದೆ ತಾಯಿಗೆ ಕ್ಯಾರಿಯೋಟೈಪ್ ಬೇಕಿಲ್ಲ, ಮರುಕಳಿಸುವ ಸಾಧ್ಯತೆ ಸುಮಾರು ಶೇ 1. ಟ್ರಾನ್ಸ್‌ಲೊಕೇಶನ್ (ಆ ಹೆಚ್ಚಿನದು ಬೇರೊಂದು ಕ್ರೋಮೋಸೋಮಿಗೆ ಅಂಟಿರುವುದು) ಎಂದಿದ್ದರೆ ಇಬ್ಬರ ರಕ್ತವನ್ನೂ ಪರೀಕ್ಷಿಸದೆ ಈ ಉತ್ತರ ಕೊಡುವಂತಿರಲಿಲ್ಲ. ಮತ್ತೆ ಗರ್ಭ ನಿಂತರೆ 11ರಿಂದ 13 ವಾರಗಳ ನಡುವೆ ಸ್ಕ್ಯಾನಿಗೆ ಬರುವಾಗ ಈ ವರದಿಯ ಪ್ರತಿ ತರಲು ತಿಳಿಸಿದೆ.