ನಿಮ್ಮ ಬ್ಯಾರಿಯರ್ ಲೇಖನದ ಬಗ್ಗೆ

ಪ್ರಿಯ ಗೆಳೆಯರೇ,

ಕಾರವಾರದಿಂದ ನೀವು ಕಳಿಸಿದ ಮೆಮರಿ ಬ್ಯಾರಿಯರ್ (ಮೆಮರಿಗೆ ಬರೆಯುವ, ಓದುವ ಕ್ರಮ ತಪ್ಪದಂತೆ ಪ್ರೊಸೆಸರ್‌ಗೆ ಕೊಡುವ ಸೂಚನೆ) ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ವಿಷಯ ಕೈಕೊಟ್ಟಿದೆ.

ಬೈತಖೋಲ ಬಂದರಿನಲ್ಲಿ ಕಾವಲುಗಾರ ಬೋಟುಗಳನ್ನು ಒಂದೊಂದಾಗಿ ಒಳಗೆ ಬಿಡುತ್ತಾನೆ, ಬ್ಯಾರಿಯರ್ ಅಂದರೆ ಅದೇ ಎಂದಿದ್ದೀರಿ. ಓದಲು ಸೊಗಸು. ಆದರೆ ದಡದಲ್ಲಿ ನಿಂತವರಿಗೆಲ್ಲ ಬೋಟಿನ ಸಾಲು ಒಂದೇ ಥರ ಕಾಣುತ್ತದೆ, ಅಲ್ವಾ? ಪ್ರೊಸೆಸರ್‌ನಲ್ಲಿ ತೊಂದರೆ ಇರುವುದೇ ಅಲ್ಲಿ. ಪ್ರೊಸೆಸರ್ ಒಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳೇ ಕೋರ್‌ಗಳು; ಒಂದು ಕೋರ್ ಬರೆದ ಕ್ರಮ ಇನ್ನೊಂದಕ್ಕೆ ಬೇರೆಯಾಗಿ ಕಾಣಬಹುದು. ಬರೆಯುವ ಕಡೆ ಬ್ಯಾರಿಯರ್ ಹಾಕಿದರೆ ಓದುವ ಕಡೆಯೂ ಅದಕ್ಕೆ ಜೋಡಿ ಬೇಕು. ನಿಮ್ಮ ಕೋಡ್‌ನಲ್ಲಿ ಓದುವ ಕಡೆ ಏನೂ ಇಲ್ಲ.

‘ಬ್ಯಾರಿಯರ್ ಕ್ಯಾಶೆ ಖಾಲಿ ಮಾಡಿ ರ‍್ಯಾಮ್‌ಗೆ ತಳ್ಳುತ್ತದೆ’ ಎಂಬ ಸಾಲು ತೆಗೆಯಿರಿ. ಕ್ಯಾಶೆ ಅಂದರೆ ಕೋರ್ ಪಕ್ಕದ ಚಿಕ್ಕ, ವೇಗದ ಮೆಮರಿ; ಬ್ಯಾರಿಯರ್ ಅದನ್ನು ಖಾಲಿ ಮಾಡುವುದಿಲ್ಲ, ಕ್ರಮ ಕಾಯುತ್ತದೆ, ಅಷ್ಟೇ.

ಡೇಟಾ ಬರೆದು, ಆಮೇಲೆ ‘ಡೇಟಾ ಸಿದ್ಧ’ ಎನ್ನುವ ಫ್ಲ್ಯಾಗ್ ಏರಿಸುವ ಕೋಡನ್ನು ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಸಲ ಓಡಿಸಿದರೂ ತಪ್ಪಲಿಲ್ಲ, ಆದ್ದರಿಂದ ಬ್ಯಾರಿಯರ್ ಬೇಕಾಗುವುದು ಅಪರೂಪ ಎಂದು ಬರೆದಿದ್ದೀರಿ. ನಿಮ್ಮ ಲ್ಯಾಪ್‌ಟಾಪ್‌ನ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಚಿಪ್ ಒಂದು ಕೋರ್‌ನ ಬರಹಗಳನ್ನು ಅದಲುಬದಲಾಗಿ ತೋರಿಸುವುದಿಲ್ಲ, ಹಾಗಾಗಿ ಬಚಾವಾದಿರಿ. ಅದೇ ಕೋಡ್ ಮೊಬೈಲ್‌ಗಳಲ್ಲಿರುವಂಥ ಎಆರ್‌ಎಂ ಚಿಪ್‌ನಲ್ಲಿ ಕೆಡಬಹುದು. ಎಕ್ಸ್86ನಲ್ಲೇ ತಪ್ಪು ತೋರಿಸಬೇಕಾ? ಎಕ್ಸ್, ವೈ ಎಂಬ ಎರಡು ಮೆಮರಿ ಜಾಗಗಳಲ್ಲೂ 0 ಇರಲಿ. ಒಂದು ಕೋರ್ ಎಕ್ಸ್‌ಗೆ 1 ಬರೆದು ವೈ ಓದಲಿ, ಇನ್ನೊಂದು ವೈಗೆ 1 ಬರೆದು ಎಕ್ಸ್ ಓದಲಿ. ಇಬ್ಬರಿಗೂ 0 ಸಿಗುವುದುಂಟು! ಬರೆದದ್ದು ಇನ್ನೂ ಸ್ಟೋರ್ ಬಫರ್‌ನಲ್ಲೇ (ಬೇರೆಯವರಿಗೆ ಕಾಣುವ ಮೊದಲು ಬರಹ ಕಾಯುವ ಜಾಗ) ಕೂತಿರುತ್ತದೆ. ಬರೆಯುವುದು, ಓದುವುದು ಎರಡರ ಕ್ರಮವನ್ನೂ ಕಾಯುವ ಪೂರ್ಣ ಬ್ಯಾರಿಯರ್ ಬೇಕಾಗುವುದು ಇಲ್ಲಿ. ಲೇಖನ ಇದರಿಂದಲೇ ಶುರುವಾಗಲಿ.

ಕೋರ್ ಸೀರಿಯಲೈಸೇಶನ್, ಅಂದರೆ ಕೋರ್ ಮೊದಲೇ ಎಳೆದುಕೊಂಡ ಸೂಚನೆಗಳನ್ನು ಬಿಟ್ಟು ಹೊಸದಾಗಿ ತರುವಂತೆ ಮಾಡುವುದು, ಬೇರೆಯೇ ಸಂಗತಿ. ನೀವು ಅದನ್ನು ಕೊನೆಯಲ್ಲಿ ಸುಮ್ನೆ ತುರುಕಿದ್ದೀರಿ. ಜೆಐಟಿ ಕಂಪೈಲರ್ (ಪ್ರೋಗ್ರಾಂ ಓಡುತ್ತಿರುವಾಗಲೇ ಯಂತ್ರಕೋಡ್ ತಯಾರಿಸುವಂಥದ್ದು) ಕೋಡನ್ನೇ ತಿದ್ದಿದಾಗ, ಇನ್ನೊಂದು ಕೋರ್ ಹಳೆಯ ಸೂಚನೆಗಳನ್ನು ಮೊದಲೇ ಒಳಗೆಳೆದುಕೊಂಡಿರಬಹುದು. ಡೇಟಾ ಬ್ಯಾರಿಯರ್ ಅದನ್ನು ಬಿಡಿಸುವುದಿಲ್ಲ. ‘ಕರ್ನಲ್‌ಗೆ ಹೋಗಿ ಬಂದರೆ ಸಾಕು’ ಅಂತೀರಿ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ. ಯಾವ ದಾರಿಯಲ್ಲಿ ಬಂದಿತು ಎಂದೂ ನೋಡಬೇಕು: ಎಕ್ಸ್86ನಲ್ಲಿ ಕರ್ನಲ್‌ನಿಂದ ವಾಪಸಾಗಲು ಎರಡು ಸೂಚನೆಗಳಿವೆ, ಐರೆಟ್ ಸೂಚನೆ ಕೋರನ್ನು ಸೀರಿಯಲೈಸ್ ಮಾಡುತ್ತದೆ, ಸಿಸ್‌ರೆಟ್ ಮಾಡುವುದಿಲ್ಲ. ಇದಕ್ಕೆಂದೇ ಲಿನಕ್ಸ್ 4.16ರಲ್ಲಿ, ಅಂದರೆ 2018ರಲ್ಲಿ, ಮೆಂಬ್ಯಾರಿಯರ್ ಸಿಸ್ಟಮ್ ಕಾಲ್‌ಗೆ (ಬ್ಯಾರಿಯರ್ ಹಾಕಿಸಲು ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ) ‘ಸಿಂಕ್ ಕೋರ್’ ಆಯ್ಕೆ ಸೇರಿತು. ಪ್ರೋಗ್ರಾಂ ಮೊದಲು ಅದಕ್ಕೆ ನೋಂದಾಯಿಸಿಕೊಳ್ಳಬೇಕು. ನಿಮ್ಮ ಕೋಡ್‌ನಲ್ಲಿ ಆ ನೋಂದಣಿಯ ಕರೆ ಇಲ್ಲ, ಇಪರ್ಮ್ (ಅನುಮತಿ ಇಲ್ಲ) ದೋಷ ಬಂದೇ ಬರುತ್ತದೆ. ಓಡಿಸಿ ನೋಡಿರಲಿಲ್ಲ ಅನಿಸುತ್ತದೆ.

ಸೀರಿಯಲೈಸೇಶನ್‌ಗೆ ಇನ್ನೊಂದು ಲೇಖನ ಬರೆಯಿರಿ. ಮೊದಲನೆಯದನ್ನು ತಿದ್ದಿ, ಎಆರ್‌ಎಂ ಬೋರ್ಡ್ ಒಂದರಲ್ಲಿ ಓಡಿಸಿ ಕಳಿಸಿ. ಶಿರಸಿ ಕಡೆ ಬಂದರೆ ಕಚೇರಿಗೇ ತನ್ನಿ, ಕೂತು ನೋಡೋಣ.