ವೋಟು ಕೇಳುವ ಲಿಂಕು, ಒಟಿಪಿ ಕೇಳುವ ಗೆಳೆಯ

ಸೋಷಿಯಲ್ ಮೀಡಿಯಾದಲ್ಲಿ ನಡೆಯುವ ಮೋಸಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಒಂದೇ ಬಗೆಯವನ್ನು ಸೇರಿಸಿ ಒಂದಾಗಿಸಿದ್ದೇವೆ. ಆ್ಯಪ್‌ಗಳ ಆವೃತ್ತಿಗೆ ತಕ್ಕಂತೆ ಮೆನುವಿನ ಹೆಸರುಗಳು ತುಸು ಬೇರೆ ಇರಬಹುದು.

ಪ್ರಶ್ನೆ: ಗೆಳತಿಯ ವಾಟ್ಸ್‌ಆ್ಯಪ್‌ನಿಂದ ‘ನಮ್ಮಕ್ಕನ ಮಗಳು ಡಾನ್ಸ್ ಸ್ಪರ್ಧೆಯಲ್ಲಿದ್ದಾಳೆ, ಒಂದು ವೋಟ್ ಹಾಕೇ’ ಎಂದು ಲಿಂಕ್ ಬಂತು. ತೆರೆದ ಪುಟದಲ್ಲಿ ನನ್ನ ನಂಬರ್ ಹಾಕಿದೆ, ಅದು ತೋರಿಸಿದ ಕೋಡನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಿದೆ. ಈಗ ನನ್ನ ಹೆಸರಲ್ಲಿ ಎಲ್ಲರಿಗೂ ದುಡ್ಡು ಕೇಳುವ ಮೆಸೇಜ್ ಹೋಗುತ್ತಿದೆ. ಆದರೆ ನನ್ನ ಫೋನಿನಲ್ಲಿ ವಾಟ್ಸ್‌ಆ್ಯಪ್ ಎಂದಿನಂತೆಯೇ ನಡೆಯುತ್ತಿದೆ. ಏನಾಗಿದೆ?

ಉತ್ತರ: ನಿಮ್ಮ ಖಾತೆ ಕೈತಪ್ಪಿಲ್ಲ. ಅದಕ್ಕೆ ಇನ್ನೊಂದು ಕಂಪ್ಯೂಟರ್ ಜೋಡಣೆಯಾಗಿದೆ. ಆ ಪುಟದಲ್ಲಿ ನೀವು ನಂಬರ್ ಹಾಕಿದ ಕೂಡಲೇ ವಂಚಕರ ಕಡೆ ವಾಟ್ಸ್‌ಆ್ಯಪ್ ವೆಬ್ ತೆರೆದು, ಕ್ಯೂಆರ್ ಕೋಡ್ ಬದಲು ಫೋನ್ ನಂಬರ್ ಮೂಲಕ ಜೋಡಿಸುವ ಆಯ್ಕೆಗೆ ಅದೇ ನಂಬರ್ ಕೊಡುತ್ತಾರೆ. ಆಗ ಅಕ್ಷರ, ಅಂಕಿ ಬೆರೆತ 8 ಸ್ಥಾನದ ಕೋಡ್ ಒಂದು ಹುಟ್ಟುತ್ತದೆ. ಆ ಕೋಡನ್ನೇ ಪುಟ ‘ವೋಟಿಂಗ್ ಕೋಡ್’ ಎಂದು ನಿಮಗೆ ತೋರಿಸುತ್ತದೆ. ಹೊಸ ಸಾಧನ ಜೋಡಿಸಬೇಕೇ ಎಂದು ನಿಮ್ಮ ಫೋನ್ ಕೇಳಿಯೇ ಇರುತ್ತದೆ; ವೋಟಿನ ಅವಸರದಲ್ಲಿ ಅದನ್ನು ಯಾರೂ ಓದುವುದಿಲ್ಲ. ಎಸ್‌ಎಂಎಸ್ ಒಟಿಪಿ ಬರುವುದಿಲ್ಲವಾದ್ದರಿಂದ ಅನುಮಾನವೂ ಹುಟ್ಟುವುದಿಲ್ಲ.

ಈಗಲೇ ವಾಟ್ಸ್‌ಆ್ಯಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಮೇಲಿನ ಮೂರು ಚುಕ್ಕಿಯ ಮೆನುವಿನಲ್ಲಿ, ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಅದು ಸಿಗುತ್ತದೆ. ಪಟ್ಟಿಯಲ್ಲಿರುವ ಪ್ರತಿಯೊಂದು ಸಾಧನದ ಮೇಲೂ ಒತ್ತಿ ಲಾಗ್ ಔಟ್ ಮಾಡಿ. ನಿಮ್ಮದೇ ಲ್ಯಾಪ್‌ಟಾಪ್ ಯಾವುದೆಂದು ಗುರುತಿಸುತ್ತಾ ಕೂರಬೇಡಿ, ಎಲ್ಲವನ್ನೂ ತೆಗೆದುಬಿಡಿ. ನಿಮ್ಮದನ್ನು ಆಮೇಲೆ ಮತ್ತೆ ಜೋಡಿಸಬಹುದು.

ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿದ್ದೂ ಹೀಗಾಯಿತಲ್ಲ ಎಂದು ಹಲವರು ಕೇಳುತ್ತಾರೆ. ಆ 6 ಅಂಕಿಯ ಪಿನ್ ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ಹೊಸದಾಗಿ ನೋಂದಾಯಿಸುವುದನ್ನು ತಡೆಯುತ್ತದೆಯೇ ಹೊರತು ನೀವೇ ಒಪ್ಪಿ ಜೋಡಿಸಿದ ಸಾಧನವನ್ನಲ್ಲ. ಪಿನ್ ಬೇಕೇ ಬೇಕು, ಜೊತೆಗೆ ಲಿಂಕ್ಡ್ ಡಿವೈಸಸ್ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವ ರೂಢಿಯೂ ಬೇಕು.

ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ. ಜೋಡಣೆಯಾದ ಕಂಪ್ಯೂಟರಿಗೆ ಹಳೆಯ ಚಾಟ್‌ಗಳೂ ಹೋಗಿರುತ್ತವೆ. ಗುರುತಿನ ಚೀಟಿಯ ಫೋಟೊ, ಬ್ಯಾಂಕ್ ವಿವರ, ಪಾಸ್‌ವರ್ಡ್ ಯಾರಿಗಾದರೂ ಕಳಿಸಿದ್ದರೆ ಅವು ಬಯಲಾಗಿವೆ ಎಂದೇ ತಿಳಿಯಿರಿ. ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ತಿಳಿಸಿ. ದುಡ್ಡು ಕೇಳಿದ ಮೆಸೇಜ್ ಯಾರ‍್ಯಾರಿಗೆ ಹೋಗಿದೆಯೋ ಅವರಿಗೆಲ್ಲ ಫೋನ್ ಮಾಡಿ ಹೇಳಿ. ಬರೀ ಮೆಸೇಜ್ ಹಾಕಿದರೆ, ಅದನ್ನು ಕಳಿಸಿದ್ದು ನೀವೋ ಕಳ್ಳರೋ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ?

ಪ್ರಶ್ನೆ: ‘ನನ್ನ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ಸ್ವಲ್ಪ ಕಳಿಸಿ’ ಎಂದು ಪರಿಚಯದವರು ಕೇಳಿದರು. ಎಸ್‌ಎಂಎಸ್‌ನಲ್ಲಿ ಬಂದ 6 ಅಂಕಿ ಕಳಿಸಿದೆ. ನನ್ನ ವಾಟ್ಸ್‌ಆ್ಯಪ್ ಹೊರಗೆ ಹೋಯಿತು.

ಉತ್ತರ: ಇಲ್ಲಿ ಖಾತೆಯೇ ಹೋಗಿದೆ, ಆದರೆ ಸಿಮ್ ನಿಮ್ಮ ಬಳಿ ಇರುವತನಕ ಮರಳಿ ಪಡೆಯಬಹುದು. ಅದೇ ನಂಬರ್ ಹಾಕಿ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ನೋಂದಾಯಿಸಿ. ಎಸ್‌ಎಂಎಸ್‌ನಲ್ಲಿ ಬಂದ ಹೊಸ ಕೋಡ್ ಹಾಕಿದ ಕ್ಷಣವೇ ಕಳ್ಳರು ಹೊರಬೀಳುತ್ತಾರೆ. ಅಷ್ಟರಲ್ಲಿ ಅವರು ತಮ್ಮದೊಂದು ಪಿನ್ ಹಾಕಿಬಿಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕಾಗುತ್ತದೆ. ಆ ಏಳು ದಿನ ಅವರಿಗೂ ಪ್ರವೇಶವಿಲ್ಲ, ಗಾಬರಿ ಬೇಡ.

ಕೆಲವರು ಕೋಡ್ ಕೇಳುವುದೇ ಇಲ್ಲ. ‘ನಿಮ್ಮ ಪಾರ್ಸೆಲ್ ನಿಂತಿದೆ, ಈ ನಂಬರ್ ಡಯಲ್ ಮಾಡಿ’ ಎಂದು ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಉದ್ದನೆಯ ಸಂಖ್ಯೆ ಕೊಡುತ್ತಾರೆ. ಅದು ನಿಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಆದೇಶ. ಬಳಿಕ ಕೋಡನ್ನು ಎಸ್‌ಎಂಎಸ್ ಬದಲು ಕರೆಯ ಮೂಲಕ ತರಿಸಿಕೊಂಡು ಖಾತೆ ತೆರೆಯುತ್ತಾರೆ. ಹಾಗೇನಾದರೂ ಡಯಲ್ ಮಾಡಿದ್ದರೆ ##002# ಎಂದು ಒತ್ತಿ ಕರೆ ಮಾಡಿ. ಜಿಎಸ್‌ಎಂ ಎಂಬ ಬಗೆಯ ಮೊಬೈಲ್ ಜಾಲಗಳಲ್ಲಿ ಎಲ್ಲ ಬಗೆಯ ಕಾಲ್ ಫಾರ್ವರ್ಡಿಂಗ್ ಅದರಿಂದ ರದ್ದಾಗುತ್ತದೆ.

ಪ್ರಶ್ನೆ: ನನ್ನ ಫೋಟೊ, ನನ್ನ ಹೆಸರಿನಲ್ಲಿ ಯಾರೋ ಇನ್ನೊಂದು ಫೇಸ್‌ಬುಕ್ ಪ್ರೊಫೈಲ್ ಮಾಡಿದ್ದಾರೆ. ಪಾಸ್‌ವರ್ಡ್ ಬದಲಿಸಿದರೂ ಅದು ಹಾಗೇ ಇದೆ.

ಉತ್ತರ: ಬದಲಿಸಿ ಪ್ರಯೋಜನವಿಲ್ಲ, ಏಕೆಂದರೆ ನಿಮ್ಮ ಖಾತೆಗೆ ಯಾರೂ ನುಗ್ಗಿಲ್ಲ. ಎಲ್ಲರಿಗೂ ಕಾಣುವ ಫೋಟೊ, ಹೆಸರು, ಸ್ನೇಹಿತರ ಪಟ್ಟಿ ನಕಲು ಮಾಡಿಕೊಂಡಿದ್ದಾರೆ, ಅಷ್ಟೆ. ಮೊದಲು ಆ ನಕಲಿ ಪ್ರೊಫೈಲಿನ ಲಿಂಕ್ ಕಾಪಿ ಮಾಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಬಳಿಕ ಅದರ ಮೂರು ಚುಕ್ಕಿಯ ಮೆನುವಿನಿಂದ ರಿಪೋರ್ಟ್ ಮಾಡಿ, ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬ ಕಾರಣ ಆರಿಸಿ. ನಾಲ್ಕಾರು ಸ್ನೇಹಿತರಿಂದಲೂ ‘ನನ್ನ ಸ್ನೇಹಿತರಂತೆ ನಟಿಸುತ್ತಿದ್ದಾರೆ’ ಎಂದು ರಿಪೋರ್ಟ್ ಮಾಡಿಸಿ. ಸಿಟ್ಟಿನಲ್ಲಿ ಮೊದಲೇ ಬ್ಲಾಕ್ ಮಾಡಬೇಡಿ. ಮಾಡಿದರೆ ಆ ಪ್ರೊಫೈಲ್ ನಿಮಗೇ ಕಾಣದಂತಾಗಿ ರಿಪೋರ್ಟ್ ಮಾಡುವುದು ಕಷ್ಟವಾಗುತ್ತದೆ.

ಮತ್ತೆ ಇಂಥದ್ದಾಗದಿರಲು, ಜನ ನಿಮ್ಮನ್ನು ಹುಡುಕುವ ಮತ್ತು ಸಂಪರ್ಕಿಸುವ ಬಗೆಯ ಸೆಟ್ಟಿಂಗ್‌ನಲ್ಲಿ ಸ್ನೇಹಿತರ ಪಟ್ಟಿಯನ್ನು ‘ಓನ್ಲಿ ಮಿ’ ಮಾಡಿ. ನಕಲಿ ಖಾತೆಗೆ ಬಲವೇ ಆ ಪಟ್ಟಿ. ಯಾರಿಗೆ ರಿಕ್ವೆಸ್ಟ್ ಕಳಿಸಬೇಕೆಂದು ಗೊತ್ತಾಗದಿದ್ದರೆ ಅದರಿಂದ ಅವರಿಗೆ ಲಾಭವಿಲ್ಲ.

ಪ್ರಶ್ನೆ: ‘ಕಾಪಿರೈಟ್ ಉಲ್ಲಂಘನೆಯಾಗಿದೆ, 24 ಗಂಟೆಯೊಳಗೆ ಮೇಲ್ಮನವಿ ಸಲ್ಲಿಸದಿದ್ದರೆ ನಿಮ್ಮ ಪೇಜ್ ಅಳಿಸಲಾಗುವುದು’ ಎಂದು ಇನ್‌ಸ್ಟಾಗ್ರಾಂ ಹೆಸರಿನಲ್ಲಿ ಮೇಲ್ ಬಂದಿದೆ. ಅದರ ಲಿಂಕ್ ತೆರೆದರೆ ವಿಳಾಸದಲ್ಲಿ ಇನ್‌ಸ್ಟಾಗ್ರಾಂ ಎಂದೇ ಇದೆ, ಬೀಗದ ಚಿಹ್ನೆಯೂ ಇದೆ. ನಂಬಬಹುದೇ?

ಉತ್ತರ: ಬೀಗದ ಚಿಹ್ನೆ ಹೇಳುವುದು ಇಷ್ಟೇ: ನಿಮಗೂ ಆ ತಾಣಕ್ಕೂ ನಡುವೆ ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತಿದೆ. ಆ ತಾಣ ಯಾರದೆಂದು ಅದು ಹೇಳುವುದಿಲ್ಲ. ನಕಲಿ ತಾಣಕ್ಕೂ ಬೀಗ ಪುಕ್ಕಟೆ ಸಿಗುತ್ತದೆ.

ವಿಳಾಸ ಓದುವ ಕ್ರಮ ಕಲಿಯಿರಿ. ಆರಂಭದ ಎರಡು ಓರೆಗೆರೆ (//) ಬಿಟ್ಟು, ಮುಂದೆ ಮೊದಲು ಸಿಗುವ ಒಂಟಿ ಓರೆಗೆರೆಯ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ‘ಇನ್‌ಸ್ಟಾಗ್ರಾಂ.ಕಾಮ್.ಅಪೀಲ್-ಸೆಂಟರ್.ಕಾಮ್/ಲಾಗಿನ್’ ಎಂದಿದ್ದರೆ ಓರೆಗೆರೆಯ ಹಿಂದೆಯೇ ಇರುವ ‘ಅಪೀಲ್-ಸೆಂಟರ್.ಕಾಮ್’ ಅದರ ಒಡೆಯ. ಮುಂದಿರುವ ‘ಇನ್‌ಸ್ಟಾಗ್ರಾಂ’ ಯಾರು ಬೇಕಾದರೂ ಅಂಟಿಸಬಹುದಾದ ಹೆಸರು. ಮೊಬೈಲಿನಲ್ಲಿ ವಿಳಾಸಪಟ್ಟಿ ಕಿರಿದು, ಕೆಲವು ಬ್ರೌಸರ್‌ಗಳಲ್ಲಿ ಆರಂಭವಷ್ಟೇ ಕಾಣುತ್ತದೆ. ವಂಚಕರು ನೆಚ್ಚಿಕೊಂಡಿರುವುದು ಅದನ್ನೇ.

ಇದಕ್ಕಿಂತ ಗಟ್ಟಿ ಪರೀಕ್ಷೆಯೊಂದಿದೆ. ಮೇಲ್‌ನಲ್ಲಿರುವ ಲಿಂಕ್ ಮುಟ್ಟದೆ ಆ್ಯಪ್ ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿರುವ ಅಕೌಂಟ್ಸ್ ಸೆಂಟರ್‌ನ ಪಾಸ್‌ವರ್ಡ್ ಮತ್ತು ಸೆಕ್ಯುರಿಟಿ ವಿಭಾಗದಲ್ಲಿ, ಕಂಪನಿ ನಿಮಗೆ ಇತ್ತೀಚೆಗೆ ಕಳಿಸಿದ ಮೇಲ್‌ಗಳ ಪಟ್ಟಿ ಇರುತ್ತದೆ. ನಿಮಗೆ ಬಂದದ್ದು ಅದರಲ್ಲಿ ಇಲ್ಲದಿದ್ದರೆ ನಕಲಿ ಎಂದುಕೊಳ್ಳಿ.

ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ಕೆಲಸದ ಕ್ರಮ ಮುಖ್ಯ. ಎಲ್ಲರೂ ಮೊದಲು ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಿಸಲು ಓಡುತ್ತಾರೆ. ನಮ್ಮ ಸಲಹೆ ಬೇರೆ: ಅದೇ ಪಾಸ್‌ವರ್ಡ್ ಇಮೇಲಿಗೂ ಇದ್ದರೆ ಮೊದಲು ಇಮೇಲ್ ಭದ್ರಪಡಿಸಿ. ಇಮೇಲ್ ಅವರ ಕೈಯಲ್ಲಿರುವಷ್ಟು ಹೊತ್ತು ನೀವು ಎಷ್ಟು ಸಲ ಬದಲಿಸಿದರೂ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ ಮತ್ತೆ ಕಸಿಯುತ್ತಾರೆ. ಇಮೇಲಿನ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಸೆಟ್ಟಿಂಗ್‌ಗಳನ್ನೂ ನೋಡಿ. ಎಚ್ಚರಿಕೆಯ ಮೇಲ್‌ಗಳು ನಿಮಗೆ ಕಾಣದಂತೆ ನೇರ ಕಸದ ಡಬ್ಬಿಗೆ ಬೀಳುವ ಹಾಗೆ ಒಂದು ಫಿಲ್ಟರ್ ಹಾಕಿ ಹೋಗಿರುತ್ತಾರೆ. ಬಳಿಕ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಬದಲಿಸಿ, ‘ವೇರ್ ಯು ಆರ್ ಲಾಗ್ಡ್ ಇನ್’ ಪಟ್ಟಿಯಲ್ಲಿ ಉಳಿದ ಸಾಧನಗಳನ್ನೆಲ್ಲ ಹೊರಹಾಕಿ, ಖಾತೆಯಲ್ಲಿ ನಿಮ್ಮದಲ್ಲದ ಇಮೇಲ್ ಅಥವಾ ಫೋನ್ ನಂಬರ್ ಸೇರಿದೆಯೇ ನೋಡಿ. ಕೊನೆಗೆ ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಕೇಳುವ ವ್ಯವಸ್ಥೆ) ಹಾಕಿ. ಎಸ್‌ಎಂಎಸ್‌ಗಿಂತ, ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಮೇಲು. ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಒಳಹೋಗುವ ಪಾಸ್‌ಕೀ ಸೌಲಭ್ಯವಿದ್ದರೆ ಇನ್ನೂ ಮೇಲು, ಏಕೆಂದರೆ ಅದು ನಿಜವಾದ ತಾಣದ ವಿಳಾಸಕ್ಕೆ ಕಟ್ಟುಬಿದ್ದಿರುತ್ತದೆ. ನಕಲಿ ಪುಟದಲ್ಲಿ ನೀವು ಮೋಸಹೋದರೂ ಅದು ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಖಾತೆಯ ಹೆಸರಿನ ಪಕ್ಕದಲ್ಲಿ ನೀಲಿ ಟಿಕ್ ಇದ್ದರೆ ನಂಬಬಹುದಲ್ಲ?

ಉತ್ತರ: ಇಲ್ಲ. 2020ರ ಜುಲೈ 15ರಂದು ಟ್ವಿಟರ್‌ನ ಒಳಗಿನ ಉಪಕರಣಗಳೇ ವಂಚಕರ ಕೈಸೇರಿ, ಬರಾಕ್ ಒಬಾಮಾ, ಬಿಲ್ ಗೇಟ್ಸ್ ಅಂಥವರ ಅಸಲಿ ಖಾತೆಗಳಿಂದಲೇ ‘ಬಿಟ್‌ಕಾಯಿನ್ ಕಳಿಸಿ, ದುಪ್ಪಟ್ಟು ಕೊಡುತ್ತೇವೆ’ ಎಂಬ ಪೋಸ್ಟ್‌ಗಳು ಬಂದವು. ಸಿಬ್ಬಂದಿಗೆ ಫೋನ್ ಮಾಡಿ ನಂಬಿಸಿ ಒಳಹೊಕ್ಕಿದ್ದರು. ಈಗಂತೂ ಹಲವು ಜಾಲತಾಣಗಳಲ್ಲಿ ಟಿಕ್ ದುಡ್ಡಿಗೆ ಸಿಗುತ್ತದೆ.

ಪ್ರಶ್ನೆ: ಗೊತ್ತಿಲ್ಲದ ನಂಬರಿನಿಂದ ದಿನವೂ ಸ್ಪ್ಯಾಮ್. ನನ್ನ ನಂಬರ್ ಇವರಿಗೆ ಸಿಕ್ಕಿದ್ದೆಲ್ಲಿ? ‘ಬೇಡ’ ಎಂದು ಉತ್ತರಿಸಬೇಕೇ?

ಉತ್ತರ: ಉತ್ತರಿಸಬೇಡಿ, ಈ ನಂಬರಿನಲ್ಲಿ ಓದುವ ಮನುಷ್ಯರಿದ್ದಾರೆ ಎಂದು ನೀವೇ ಖಚಿತಪಡಿಸಿದಂತಾಗುತ್ತದೆ. ನಂಬರ್ ಸಿಗುವ ದಾರಿಗಳು ಹಲವು. 2021ರ ಏಪ್ರಿಲ್‌ನಲ್ಲಿ ಸುಮಾರು 53 ಕೋಟಿ ಫೇಸ್‌ಬುಕ್ ಬಳಕೆದಾರರ ಫೋನ್ ನಂಬರ್ ಮತ್ತಿತರ ವಿವರಗಳು ಅಂತರ್ಜಾಲದಲ್ಲಿ ಪುಕ್ಕಟೆ ಹರಿದಾಡಿದವು. ವಾಟ್ಸ್‌ಆ್ಯಪ್‌ನಲ್ಲಿ ‘ರಿಪೋರ್ಟ್ ಮತ್ತು ಬ್ಲಾಕ್’ ಮಾಡಿ. ಆ ಚಾಟ್‌ನಲ್ಲಿ ನಿಮಗೆ ಬಂದ ಕೊನೆಯ 5 ಮೆಸೇಜ್ ಮಾತ್ರ ಕಂಪನಿಗೆ ಹೋಗುತ್ತವೆ, ರಿಪೋರ್ಟ್ ಮಾಡಿದ್ದು ಮೆಸೇಜ್ ಕಳಿಸಿದವರಿಗೆ ತಿಳಿಯುವುದಿಲ್ಲ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಗ್ರೂಪಿಗೆ ಸೇರಿಸುವ ಅವಕಾಶವನ್ನು ‘ಮೈ ಕಾಂಟ್ಯಾಕ್ಟ್ಸ್’ಗೆ ಇಳಿಸಿ, ‘ಸೈಲೆನ್ಸ್ ಅನ್‌ನೋನ್ ಕಾಲರ್ಸ್’ ಆನ್ ಮಾಡಿ.

ಪ್ರಶ್ನೆ: ವಿಡಿಯೊ ಲೈಕ್ ಮಾಡುವ ಕೆಲಸ ಎಂದರು. ಮೊದಲು ದುಡ್ಡು ಬಂತು. ಆಮೇಲೆ ನಾನೇ ಕಟ್ಟುತ್ತಾ ಹೋದೆ, ಈಗ ವಾಪಸ್ ಪಡೆಯಲು ‘ತೆರಿಗೆ’ ಕೇಳುತ್ತಿದ್ದಾರೆ. ಹಣ ಕೊಡಿಸುತ್ತೇನೆ ಎಂದು ಇನ್ನೊಬ್ಬರು ಮೆಸೇಜ್ ಮಾಡಿದ್ದಾರೆ.

ಉತ್ತರ: ಮೊದಲು ಬಂದ ಚಿಲ್ಲರೆ ಮೊತ್ತ ನಿಮ್ಮ ನಂಬಿಕೆಗೆ ಕೊಟ್ಟ ಬೆಲೆ. ಅವರ ಆ್ಯಪ್‌ನಲ್ಲಿ ಏರುತ್ತಾ ಹೋಗುವ ಬ್ಯಾಲೆನ್ಸ್ ಅವರೇ ಟೈಪ್ ಮಾಡಿದ ಅಂಕಿ, ಅದರ ಹಿಂದೆ ಹಣವಿಲ್ಲ. ನಿಮ್ಮದೇ ಹಣ ಕೊಡಲು ಮತ್ತೆ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ತಡಮಾಡದೆ ಬ್ಯಾಂಕಿಗೆ ಕರೆ ಮಾಡಿ ವಹಿವಾಟಿನ ಸಂಖ್ಯೆ ಕೊಡಿ. ಹಣ ಇನ್ನೂ ಮುಂದಿನ ಖಾತೆಗೆ ದಾಟದಿದ್ದರೆ ತಡೆಯುವ ಅವಕಾಶವಿರುತ್ತದೆ. ಪೊಲೀಸರಿಗೂ ದೂರು ಕೊಡಿ. ಹಣ ಕೊಡಿಸುತ್ತೇನೆ ಎಂದು ಬಂದವರೂ ಬಹುಮಟ್ಟಿಗೆ ಅದೇ ಗುಂಪಿನವರು, ಇಲ್ಲವೇ ಅವರಿಂದ ಮೋಸಹೋದವರ ಪಟ್ಟಿ ಕೊಂಡವರು. ಮುಂಗಡ ಶುಲ್ಕ ಕೇಳಿದರೆ ಅನುಮಾನವೇ ಬೇಡ.

ಪ್ರಶ್ನೆ: 16 ವರ್ಷದ ಮಗನಿಗೆ ಇನ್‌ಸ್ಟಾಗ್ರಾಂನಲ್ಲಿ ಪರಿಚಯವಾದ ‘ಹುಡುಗಿ’ ಖಾಸಗಿ ಫೋಟೊ ತರಿಸಿಕೊಂಡು, ಹಣ ಕೊಡದಿದ್ದರೆ ಎಲ್ಲರಿಗೂ ಕಳಿಸುವುದಾಗಿ ಬೆದರಿಸುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಮಗನ ಪಕ್ಕ ಕೂತು, ತಪ್ಪು ಬೆದರಿಸುವವರದು ಎಂದು ಹೇಳಿ. ಇಂಥ ಹೊತ್ತಿನಲ್ಲಿ ಮಕ್ಕಳಿಗೆ ಜೀವವೇ ಬೇಡ ಎನಿಸಿಬಿಡುವುದುಂಟು; ಕೆಲವು ದಿನ ಅವನನ್ನು ಒಂಟಿಯಾಗಿ ಬಿಡಬೇಡಿ. ಹಣ ಕೊಡಬೇಡಿ. ಕೊಟ್ಟರೆ ಸುಮ್ಮನಾಗುವುದಿಲ್ಲ, ಕೊಡುವವರು ಸಿಕ್ಕರೆಂದು ಇನ್ನಷ್ಟು ಕೇಳುತ್ತಾರೆ. ಚಾಟ್ ಅಳಿಸಬೇಡಿ, ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಹಣ ಕೇಳಿದ ಖಾತೆಯ ವಿವರ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ, ಆದರೆ ಮಗನ ಫೋಟೊ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಬಳಿಕ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಿ.

18 ವರ್ಷದೊಳಗೆ ತೆಗೆದ ಚಿತ್ರಗಳಿಗೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅಮೆರಿಕದಲ್ಲಿ ಕಾಣೆಯಾದ ಹಾಗೂ ಶೋಷಿತ ಮಕ್ಕಳಿಗಾಗಿ ಕೆಲಸ ಮಾಡುವ ಎನ್‌ಸಿಎಂಇಸಿ ಸಂಸ್ಥೆ 2023ರಿಂದ ಇದನ್ನು ನಡೆಸುತ್ತಿದೆ. ಬೇರೆ ದೇಶದವರೂ ಬಳಸಬಹುದು, ಹೆಸರು ಕೊಡಬೇಕಿಲ್ಲ. ವಯಸ್ಕರಿಗೆ ಇಂಥದ್ದೇ ಸೇವೆ ‘ಸ್ಟಾಪ್ ಎನ್‌ಸಿಐಐ’. ಎರಡರಲ್ಲೂ ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಚಿತ್ರದಿಂದ ‘ಹ್ಯಾಶ್’ ಎಂಬ ಅಂಕಿ-ಅಕ್ಷರಗಳ ಸರಣಿ ಫೋನಿನಲ್ಲೇ ತಯಾರಾಗಿ, ಅದಷ್ಟೇ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್ ಮುಂತಾದ ಭಾಗೀದಾರ ಕಂಪನಿಗಳು ಆ ಹ್ಯಾಶ್‌ಗೆ ಹೊಂದುವ ಚಿತ್ರ ಕಂಡರೆ ತಡೆಯುತ್ತವೆ. ವಾಟ್ಸ್‌ಆ್ಯಪ್‌ನಂಥ ಗೂಢಲಿಪಿಯ ಚಾಟ್‌ಗಳಲ್ಲಿ ಇದು ನಡೆಯುವುದಿಲ್ಲ. ಬೆದರಿಕೆ ಬಂದ ದಿನವೇ, ಚಿತ್ರ ಎಲ್ಲಿಯೂ ಬರುವ ಮೊದಲೇ ಹ್ಯಾಶ್ ಸಲ್ಲಿಸಬಹುದು.